ಮದುವೆಗೆ ಯಾಕೆ ಬರ್ಲಿಲ್ಲ? – ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ವೈಶಾಖದಲ್ಲಿ ಹೊನ್ನಾವರದ ಬದಿ ನನ್ನ ತಂಗಿ ಮಗಳ ಮದುವೆ ಆಯ್ತು, ನಾನು ಹೋಗ್ಲಿಲ್ಲ. ಅವತ್ತಿಂದ ಶಿರಸಿ ಪೇಟೆಲಿ ಸಿಕ್ಕಿದವರು, ತಿಥಿಮನೆ ಹಂತಿಲಿ ಪಕ್ಕದ ಬಾಳೆಯವರು, ವಾಟ್ಸಾಪಲ್ಲಿ ದೂರದ ನೆಂಟರು, ಎಲ್ಲಾ ಕೇಳಿದ್ದನ್ನೇ ಕೇಳ್ತಾ ಇದ್ದಾರೆ. ನನ್ನ ಹಾಗೇ ಮನೇಲಿ ದೀರ್ಘಕಾಲದ ಕಾಯಿಲೆ ಇರೋರೂ ಕೆಲವರು ಕೇಳಿದ್ದಾರೆ, ಅವರ ಪ್ರಶ್ನೆ ಬೇರೆ ಥರ. ಎಲ್ಲಾ ಸೇರಿಸಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವರು ಕೇಳಿದ ಹಾಗೇ ಇದೆ. ಹೆಂಡತಿ ಓದಿದ್ದಾಳೆ, ಎರಡು ಕಡೆ ಅಳಿಸಿ ಹೇಳಿದ್ಲು, ಒಂದು ಅಳಿಸಿದ್ದೇನೆ.

## ಮೊದ್ಲು ಕೇಳೂದು

ಅವತ್ತು ಎಂತ ಆಯ್ತು ಮಾರಾಯಾ? ಸೋದರಮಾವನೇ ಇಲ್ಲದೆ ಮದುವೆ ಆಗೋಯ್ತಲ್ಲ?

ಮುಹೂರ್ತ ಬೆಳಿಗ್ಗೆ ಹತ್ತರ ಒಳಗೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ 60 ಕಿಲೋಮೀಟರ್ ಹತ್ರ ಹತ್ರ, ಅಲ್ಲಿಂದ ಹೊನ್ನಾವರ ಮತ್ತೊಂದು 20. ಹಿಂದಿನ ದಿನವೇ ಹೋಗಿ ಉಳಿಯೂದು ಹೇಳಿ ಮಾಡಿದ್ವಿ, ಆದ್ರೆ ಮಧ್ಯಾಹ್ನ ಊಟ ಆದ್ಮೇಲೆ ಹೆಂಡತಿ ಸುಸ್ತು ಹೇಳಿ ಮಲಗಿದ್ಲು, ಸರಿ ಬೆಳಗಿನ ಜಾವ ನಾಲ್ಕಕ್ಕೆ ಹೊರಡುವ ಅಂದ್ಕೊಂಡ್ವಿ. ಮೂರೂವರೆಗೆ ಅಲಾರಾಂ ಹೊಡೆದಾಗ ನೋಡಿದ್ರೆ ಅವಳು ಆಗ್ಲೇ ಎದ್ದು ಹಾಸಿಗೆ ಮೇಲೆ ಕೂತಿದ್ಲು, ಹೊದಿಕೆ ತೆಗೆಯೂಕೆ ಬೆರಳು ಮಡಚ್ತಾ ಇಲ್ಲ. ಎರಡೂ ಮಣಿಕಟ್ಟು ಊದಿ ಬಿಸಿ ಆಗಿತ್ತು, ಮೈಯೂ ಬೆಚ್ಚಗಿತ್ತು. ಇಸ್ತ್ರಿ ಮಾಡಿದ ಸೀರೆ ಕುರ್ಚಿ ಮೇಲೆ ಇತ್ತು.

"ನೀವು ಹೋಗಿ" ಹೇಳಿದ್ಲು. ನಾನು ಹೊರಟೆ, ಸುಳ್ಳು ಯಾಕೆ ಹೇಳೂದು, ಕಾರು ಸ್ಟಾರ್ಟ್ ಮಾಡಿ ಗೇಟು ದಾಟಿ ರಸ್ತೆ ತಿರುವಿನವರೆಗೆ ಹೋದೆ. ಅಲ್ಲಿ ನಿಲ್ಸಿ ಒಂದು ಕವಳ ಹಾಕುವಷ್ಟು ಹೊತ್ತು ಕೂತೆ, ಆಮೇಲೆ ವಾಪಸ್ ತಿರುಗಿಸಿದೆ. ಹುಡುಗಿಯನ್ನ ಮಂಟಪಕ್ಕೆ ಕರ್ಕೊಂಡು ಬರೂ ಕೆಲಸ ಸೋದರಮಾವನದ್ದು, ಅವತ್ತು ಅದನ್ನ ಮಾಡಿದ್ದು ನನ್ನ ಚಿಕ್ಕಪ್ಪನ ಮಗ. ನನಗೆ ಹೇಳಿ ತಂದಿಟ್ಟ ಪಂಚೆ ಶಲ್ಯವನ್ನೇ ಅವನಿಗೆ ಕೊಟ್ರಂತೆ, ಅವ ನನಗಿಂತ ಗಿಡ್ಡ, ಪಂಚೆ ನೆಲ ಗುಡಿಸ್ತಾ ಇತ್ತು. ಫೋಟೋದಲ್ಲಿ ಕಾಣ್ತದೆ.

ಅವರಿಗಿರೂದು ವಾತ ಅಲ್ವಾ? ನಮ್ಮನೆ ಆಯಿಗೂ ಇತ್ತು, ತೊಂಬತ್ತರವರೆಗೆ ಆರಾಮಿದ್ರು.

ನಿಮ್ಮ ಆಯಿಗೆ ಇದ್ದದ್ದು ಹೆಚ್ಚಾಗಿ ಮಂಡಿ ಸವೆತ ಇರ್ಬೇಕು. ಅದು ವಯಸ್ಸಾದ ಹಾಗೆ ಕೀಲಿನ ಮೃದ್ವಸ್ಥಿ ತೆಳ್ಳಗಾಗಿ ಬರೂದು. ಇವಳಿಗಿರೂದು ರುಮಟಾಯ್ಡ್ ಆರ್ಥ್ರೈಟಿಸ್. ರೋಗ ಬಂದ್ರೆ ಕಾಯ್ಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ತಪ್ಪಿ ನಮ್ಮದೇ ಕೀಲಿನ ಒಳಪದರದ ಮೇಲೆ ಬೀಳ್ತದೆ, ಮನೆ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಕೈ ಬೆರಳು, ಮಣಿಕಟ್ಟು, ಪಾದದಂಥ ಸಣ್ಣ ಕೀಲಿಗೆ ಮೊದ್ಲು ಬರ್ತದೆ, ಸಾಮಾನ್ಯವಾಗಿ ಎರಡೂ ಬದಿಗೆ ಸಮ ಸಮ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ, ಮೂವತ್ತು ನಲ್ವತ್ತನೇ ವಯಸ್ಸಿಗೂ ಶುರು ಆಗ್ತದೆ. ಇವಳಿಗೆ ಶುರು ಆದದ್ದು 38ಕ್ಕೆ.

ಮೊದಲ ಆರು ತಿಂಗಳು ನಾವೂ ಚಿಕುನ್‌ಗುನ್ಯಾ ಅಂದ್ಕೊಂಡೇ ಇದ್ವಿ, ಆ ಜ್ವರ ಬಂದು ಹೋದ್ಮೇಲೂ ತಿಂಗಳುಗಟ್ಲೆ ಕೀಲು ಹಿಡೀತದಲ್ಲ. ಆಮೇಲೆ ಒಬ್ರು ಡಾಕ್ಟ್ರು ರಕ್ತದಲ್ಲಿ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ನೋಡಿಸಿದ್ರು, ಆಗ ಗೊತ್ತಾಯ್ತು. ಆರು ತಿಂಗಳು ಹೋದದ್ದು ಹೋಯ್ತು. ಬೆಳಿಗ್ಗೆ ಎದ್ದು ಒಂದು ತಾಸಾದ್ರೂ ಕೈ ಬೆರಳು ಸಡಿಲ ಆಗೂದಿಲ್ಲ ಹೇಳಿ ಯಾರಾದ್ರೂ ವಾರಗಟ್ಲೆ ಹೇಳ್ತಾ ಇದ್ರೆ ಎಣ್ಣೆ ತಿಕ್ಕುತ್ತಾ ಕೂರ್ಬೇಡಿ, ತೋರ್ಸಿ. ಬೇಗ ಔಷಧ ಶುರು ಮಾಡಿದ್ರೆ ಕೀಲು ಸೊಟ್ಟ ಆಗೂದು ತಪ್ಪಿಸ್ಬಹುದು.

ಮೊನ್ನೆ ಸಂತೆಲಿ ಕಂಡಿದ್ರು, ಚಲೋ ಮಾತಾಡಿದ್ರಲ್ಲ?

ಹೌದು ಮಾತಾಡಿದ್ಲು. ಸಂತೆಗೆ ಹೋಗಿದ್ದು ಹನ್ನೊಂದೂವರೆಗೆ, ಆ ಹೊತ್ತಿಗೆ ಅವಳ ಕೈ ಬಿಟ್ಟಿರ್ತದೆ. ಚೀಲ ಹಿಡ್ಕೊಂಡದ್ದು ನಾನು, ಅದನ್ನ ನೀವು ನೋಡ್ಲಿಲ್ಲ. ಮನೆಗೆ ಬಂದು ಸಂಜೆ ಆರರವರೆಗೆ ಮಲಗಿದ್ಲು, ಅದನ್ನ ನೋಡೂಕೆ ನೀವು ಅಲ್ಲಿ ಇರ್ಲಿಲ್ಲ.

ನೀವೊಬ್ರೇ ಬಂದು ಅಕ್ಷತೆ ಹಾಕಿ ಹೋಗ್ಬಹುದಿತ್ತಲ್ಲ?

ಇದೇ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ. ಬಹಳ ಕಾರ್ಯಕ್ಕೆ ನಾನು ಒಬ್ನೇ ಹೋಗ್ತೇನೆ. ಉಪನಯನ, ಗೃಹಪ್ರವೇಶ, ವರ್ಷಾಂತ, ಎಲ್ಲದಕ್ಕೂ. ಮಾಮೂಲಿ ನೋವಿನ ದಿನ ಆದ್ರೆ ಅವಳೇ ನನ್ನನ್ನ ಓಡಿಸ್ತಾಳೆ, ಗಂಡ ಮನೇಲಿ ಕೂತು ಗಳಿಗೆಗೊಮ್ಮೆ "ಹ್ಯಾಂಗಿದ್ದು ಈಗ" ಹೇಳಿ ಕೇಳೂದೇ ಅವಳಿಗೆ ದೊಡ್ಡ ಕಾಯಿಲೆ.

ಅವತ್ತು ಮಾಮೂಲಿ ದಿನ ಆಗಿರ್ಲಿಲ್ಲ, ಜ್ವರ ಇತ್ತು. ಅವಳು ತಗೊಳ್ಳೂ ಮಾತ್ರೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸೂದು, ಹಾಗಾಗಿ ಜ್ವರ ಬಂದ್ರೆ ಅದು ಕೀಲಿನ ಉರಿಯಿಂದ ಬಂದದ್ದಾ ಅಥವಾ ಎಂತದಾದ್ರೂ ಸೋಂಕಾ ಹೇಳಿ ನೋಡ್ದೇ ಬಿಡೂ ಹಾಗಿಲ್ಲ. ನಮ್ಮ ಮನೆ ಪೇಟೆಯಿಂದ 14 ಕಿಲೋಮೀಟರ್ ಒಳಗೆ, ನೆಟ್‌ವರ್ಕ್ ಅಂಗಳದ ತುದೀಲಿ ಮಾತ್ರ. ಒಂದು ಲೋಟ ನೀರು ಎತ್ತೂಕೆ ಆಗದವಳನ್ನ ಬಿಟ್ಟು ಘಟ್ಟ ಇಳಿಯೂದು ನನ್ನಿಂದ ಆಗ್ಲಿಲ್ಲ. "ಪಕ್ಕದ ಮನೆಯವರಿಗೆ ಹೇಳಿ ಹೋಗ್ಬಹುದಿತ್ತು" ಹೇಳಿ ಒಬ್ರು ಅಂದ್ರು. ಪಕ್ಕದ ಮನೆಯವರು ಅದೇ ಮದುವೆಗೆ ಹೋಗಿದ್ರು ಮಾರಾಯ್ರೆ, ಇಡೀ ಕೇರಿ ಹೋಗಿತ್ತು.

## ಕಾರ್ಯಕ್ಕೆ ಕರಿಯೂರು, ಹೋಗೂರು

ಆಗೂದಿಲ್ಲ ಹೇಳಿ ಮೊದ್ಲೇ ಹೇಳ್ಬಿಟ್ರೆ ನಮಗೂ ಸಲೀಸು. ಕೊನೇ ಗಳಿಗೆಲಿ ಕೈ ಎತ್ತಿದ್ರೆ ಹ್ಯಾಂಗೆ?

ಮೊದ್ಲೇ ಗೊತ್ತಿದ್ರೆ ಹೇಳ್ತಿದ್ವಿ. ಈ ಕಾಯಿಲೆ ಕ್ಯಾಲೆಂಡರ್ ನೋಡಿ ಬರೂದಿಲ್ಲ. ವಾರಗಟ್ಲೆ ತಣ್ಣಗಿರ್ತದೆ, ಒಂದು ರಾತ್ರಿ ಕೆರಳ್ತದೆ, ಎರಡು ದಿನಕ್ಕೂ ಇಳೀಬಹುದು, ಮೂರು ವಾರವೂ ಎಳೀಬಹುದು. ಕಾರ್ಯದ ತಯಾರಿ, ನಿದ್ದೆಗೇಡು, ಓಡಾಟ ಇದೆಲ್ಲ ಸೇರಿ ಸರೀ ಕಾರ್ಯದ ಹೊತ್ತಿಗೇ ಬರೂ ಸಂಭವವೂ ಜಾಸ್ತಿ, ಅದಕ್ಕೇ ಜನಕ್ಕೆ ಇದು ನೆಪ ಹೇಳಿ ಕಾಣೂದು.

"ಹಾಗಾದ್ರೆ ಎಲ್ಲದಕ್ಕೂ ಇಲ್ಲ ಹೇಳ್ಬಿಡಿ" ಹೇಳೂದು ನಿಮಗೆ ಸಲೀಸು, ನಮಗಲ್ಲ. ಎರಡು ವರ್ಷ ಹಾಗೂ ಮಾಡಿ ನೋಡಿದ್ವಿ, ಯಾರ ಹತ್ರವೂ ಜಗಳ ಇಲ್ಲ, ಯಾರ ಮನೆ ಬಾಗಿಲೂ ಇಲ್ಲ. 2024ರ ಮಾರ್ಚಲ್ಲಿ ಮಾರಿಕಾಂಬಾ ಜಾತ್ರೆ ಬಂದಾಗ ಬಿಡಕಿಬೈಲಲ್ಲಿ ದೇವಿ ಗದ್ದುಗೆ ಮೇಲೆ ಕೂತಿದ್ಲು, ನಮ್ಮ ಮನೆಯಿಂದ 14 ಕಿಲೋಮೀಟರ್, ನಾವು ಹೋಗ್ಲಿಲ್ಲ, ಗರ್ದಿ ಆಗ್ತದೆ ಹೇಳಿ ಮೊದ್ಲೇ ತೀರ್ಮಾನ ಮಾಡಿದ್ವಿ. ಆ ಜಾತ್ರೆ ಬರೂದು ಎರಡು ವರ್ಷಕ್ಕೊಮ್ಮೆ. ಜಾತ್ರೆ ನಡೆದ ಅಷ್ಟೂ ದಿನ ಇವಳು ಆರಾಮಿದ್ಲು! ಅದಾದ್ಮೇಲೆ ನಾವು "ಬರೂ ಅಂದಾಜು ಇದೆ, ಬೆಳಿಗ್ಗೆ ಖಾತ್ರಿ ಮಾಡ್ತೇವೆ" ಹೇಳಿ ಹೇಳೂದು. ಕೆಲವರಿಗೆ ಅದು ಜಂಬದ ಹಾಗೆ ಕೇಳ್ತದೆ, ಇರ್ಲಿ.

ಹಾಗಾದ್ರೆ ನಿಮ್ಮನ್ನ ಕರೀಬೇಕಾ ಬೇಡ್ವಾ? ಕರೆದ್ರೆ ನಿಮಗೇ ಕಷ್ಟ ಅಲ್ವಾ?

ಕರೀರಿ. ದಯಮಾಡಿ ಕರೀರಿ. ಇವಳಿಗೆ ಅತಿ ಬೇಜಾರಾದದ್ದು ಒಂದು ಕಾರ್ಯ ತಪ್ಪಿದ್ದಕ್ಕಲ್ಲ, ಒಂದು ಕರೆ ತಪ್ಪಿದ್ದಕ್ಕೆ. ಚೌತಿಗೆ ಮೊದ್ಲು ನಮ್ಮ ಬದಿ ಚಕ್ಲಿ ಕಂಬಳ ಮಾಡ್ತಾರಲ್ಲ, ಊರವರೆಲ್ಲ ಒಂದು ಮನೇಲಿ ಸೇರಿ ಹಿಟ್ಟು ಹಿಡಿದು ಕೈಯಲ್ಲೇ ಸುತ್ತು ಸುತ್ತಿ ಚಕ್ಲಿ ಮಾಡೂದು, ಇವಳು ಅದರಲ್ಲಿ ನಿಪುಣೆ, ಎಳೆ ತುಂಡಾಗದೆ ಸುತ್ತೂದು ನೋಡೂಕೇ ಚೆಂದ. ಬೆರಳು ಹೋದ್ಮೇಲೆ ಒಂದು ವರ್ಷ ಯಾರೂ ಕರೀಲಿಲ್ಲ, "ಪಾಪ, ಅವಳಿಗೆ ಆಗೂದಿಲ್ಲ, ಕರೆದು ಯಾಕೆ ನೋವು ಮಾಡೂದು" ಹೇಳಿ. ಎಣ್ಣೆ ವಾಸನೆ ನಮ್ಮ ಮನೆವರೆಗೆ ಬಂತು. ಮರುವರ್ಷ ಆ ಮನೆ ಅತ್ತಿಗೆ ಬಂದು "ಬಾರೇ, ಕೂತ್ಕಂಡು ಹಿಟ್ಟಿನ ಉಪ್ಪು ಖಾರ ನೋಡು, ಇವು ಯಾವುದಕ್ಕೂ ಹದ ಗೊತ್ತಿಲ್ಲೆ" ಹೇಳಿ ಎಳ್ಕೊಂಡು ಹೋದ್ಲು. ಒಂದು ಚಕ್ಲಿ ಸುತ್ತದೆ ಇಡೀ ಸಂಜೆ ಎಲ್ಲರಿಗೂ ಬೈಕೊಂಡು ಕೂತು ಬಂದ್ಲು. ಅಷ್ಟು ಖುಷಿ ಕಂಡು ವರ್ಷ ಆಗಿತ್ತು.

ಕರಿಯೂರು ಮಾಡೂಕೆ ಆಗೂದು ಸಣ್ಣ ಸಣ್ಣದು. ಬೆನ್ನು ಇರೂ ಒಂದು ಕುರ್ಚಿ, ನೆಲದ ಹಂತಿ ಬದ್ಲಿಗೆ ಟೇಬಲ್ ಮೇಲೆ ಬಾಳೆ, ಅರ್ಧ ತಾಸು ಮಲಗೂಕೆ ಬಾಗಿಲು ಹಾಕ್ಕೊಳ್ಳೂ ಒಂದು ಕೋಣೆ, ಕೂತು ಏಳೂಕಾಗೂ ಕಮೋಡ್. ಕೊನೇದು ಎಲ್ಲಿದೆ ಹೇಳಿ ಮೊದ್ಲೇ ತಿಳಿಸಿದ್ರೆ ಅರ್ಧ ತಲೆಬಿಸಿ ಕಮ್ಮಿ, ಕೇಳೂಕೆ ನಮಗೆ ನಾಚ್ಕೆ, ಹೇಳೂಕೆ ನಿಮಗೆ ನಾಚ್ಕೆ, ಎಷ್ಟೋ ಮದುವೆ ಅದಕ್ಕೇ ತಪ್ಪಿದೆ.

ಹೋಗೂದೇ ಹೇಳಿ ಆದ್ರೆ ತಯಾರಿ ಹ್ಯಾಂಗೆ ಮಾಡ್ಕೊಳ್ತೀರಿ?

ಕಾರ್ಯದ ದಿನ ಶುರು ಆಗೂದು ಮೂರು ದಿನ ಮೊದ್ಲೇ. ಆ ಮೂರು ದಿನ ಅವಳಿಗೆ ತೊಳೆಯೂದು, ಅರೆಯೂದು, ಹಿಂಡೂದು ಯಾವುದೂ ಇಲ್ಲ. ಮದುವೆಗೆ ಹಿಂದಿನ ದಿನ ಮಧ್ಯಾಹ್ನದ ಒಳಗೇ ಹೋಗಿ ಮಲಗೂದು (ಈ ಸಲ ತಪ್ಪಿದ್ದು ಅಲ್ಲೇ). ಘಟ್ಟದ ರಸ್ತೆಲಿ ಒಂದು ತಾಸಿಗೊಮ್ಮೆ ಕಾರು ನಿಲ್ಸಿ ಕೈಕಾಲು ಆಡ್ಸೂದು, ಮಳೆಗಾಲ ಆದ್ರೆ ಗುಡ್ಡ ಕುಸಿದು ರಸ್ತೆ ಬಂದ್ ಇದ್ಯಾ ಹೇಳಿ ಕೇಳೇ ಹೊರಡೂದು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಬಿದ್ಮೇಲಂತೂ ಇದನ್ನ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಸೀರೆಗೆ ಮೊದ್ಲೇ ನಿರಿಗೆ ಹೊಲಿಸಿಟ್ಟದ್ದು ಒಂದಿದೆ, ಪಿನ್ನು ಹಾಕೂ ಕೆಲಸ ಇಲ್ಲ. ಬಳೆ ಹಾಕೂದು ಬಿಟ್ಟಿದ್ದಾಳೆ, ಊದಿದ್ರೆ ತೆಗೆಯೂಕೆ ಬರೂದಿಲ್ಲ.

ಮಾತ್ರೆ ವಿಷಯದಲ್ಲಿ ಒಂದು ಮಾತು, ಇದು ಬಹಳ ಮುಖ್ಯ. ಮೆಥೋಟ್ರೆಕ್ಸೇಟ್ ಹೇಳೂ ಮಾತ್ರೆ ಈ ಕಾಯಿಲೆಗೆ ತಗೊಳ್ಳೂದು ವಾರಕ್ಕೆ ಒಂದು ದಿನ ಮಾತ್ರ. ಕಾರ್ಯದ ಗಡಿಬಿಡಿಲಿ ಯಾರೋ ಡಬ್ಬಿ ನೋಡಿ ದಿನಾ ಕೊಟ್ಟದ್ದು ಜೀವಕ್ಕೇ ಕುತ್ತು ತಂದ ಉದಾಹರಣೆ ಇದೆ, ಅಸ್ಥಿಮಜ್ಜೆಗೆ ಪೆಟ್ಟು ಬಿದ್ದು ರಕ್ತಕಣ ಇಳೀತದೆ. ನಾವು ಗುರುವಾರ ಹೇಳಿ ಇಟ್ಕೊಂಡಿದ್ದೇವೆ, ಗುರುವಾರದ ಸಂಕಷ್ಟಿ ಹೇಳಿ ತಮಾಷೆ ಮಾಡ್ತಾಳೆ, ಯಾಕಂದ್ರೆ ಮರುದಿನ ಹೊಟ್ಟೆ ತೊಳಸಿ ಊಟ ಸೇರೂದಿಲ್ಲ. ಹಾಗಾಗಿ ಶುಕ್ರವಾರದ ಕಾರ್ಯಕ್ಕೆ ನಾವು ಮೊದಲಿಂದಲೂ ಅನುಮಾನ. ಒಂದೆರಡು ದಿನ ಆಚೀಚೆ ಮಾಡ್ಬಹುದಾ ಹೇಳಿ ಡಾಕ್ಟ್ರ ಹತ್ರ ಕೇಳಿ ಮಾಡಿ, ಸ್ವಂತ ಬುದ್ಧಿಗೆ ಬೇಡ. ಸ್ಟೀರಾಯ್ಡ್ ತಗೊಳ್ಳೂರು ಅದನ್ನ ಮನೇಲಿ ಮರೆತು ಮದುವೆಗೆ ಹೋಗ್ಬೇಡಿ, ಬಹಳ ದಿನದಿಂದ ತಗೊಳ್ಳೂದನ್ನ ಒಮ್ಮೆಗೇ ನಿಲ್ಸೂದು ಅಪಾಯ.

ನಮ್ಮ ಪೈಕಿ ಒಬ್ರು ಬೇರಿನ ಔಷಧ ಕೊಡ್ತಾರೆ, ಮೂರೇ ತಿಂಗಳಲ್ಲಿ ಗುಣ. ಒಮ್ಮೆ ನೋಡಿ?

ನೋಡಿದ್ದೇವೆ. ಒಂದಲ್ಲ, ನಾಲ್ಕು ಜನರದ್ದು. ಒಂದು ಪುಡಿ ತಗೊಂಡು ಎಂಟೇ ದಿನದಲ್ಲಿ ಕುಣಿಯೂ ಹಾಗೆ ಆಯ್ತು, ಆಮೇಲೆ ಮುಖ ಊದಿತು, ಅದರಲ್ಲಿ ಸ್ಟೀರಾಯ್ಡ್ ಇರ್ಬಹುದು ಹೇಳಿ ಡಾಕ್ಟ್ರ ಅನುಮಾನ. ನಂಜಿಲ್ಲದ ಕಷಾಯ, ಬಿಸಿ ನೀರಲ್ಲಿ ಕೈ ಅದ್ದೂದು, ಎಣ್ಣೆ, ಇದೆಲ್ಲ ಡಾಕ್ಟ್ರಿಗೆ ಹೇಳಿ ಮಾಡ್ತಾ ಇದ್ದೇವೆ. ಮದುವೆಮನೆ ಬಾಗಿಲಲ್ಲೇ ಹಿಡಿದು ನಿಲ್ಸಿ ಔಷಧ ಹೇಳೂದು ಮಾತ್ರ ಬಿಡಿ, ಅವಳು ಬಂದದ್ದು ಹುಡುಗಿ ನೋಡೂಕೆ.

ಹುಬ್ಬಳ್ಳಿಗೆ ಯಾಕೆ ಹೋಗೂದು, ಇಲ್ಲೇ ತೋರ್ಸಿದ್ರೆ ಆಗೂದಿಲ್ವಾ?

ಕೀಲು ಕಾಯಿಲೆಯ ತಜ್ಞರನ್ನ ಕಾಣ್ಬೇಕು ಹೇಳಿದ್ರೆ ನಮ್ಮ ಬದಿಯವರು ಹುಬ್ಬಳ್ಳಿಗೋ ಮಣಿಪಾಲ ಮಂಗಳೂರಿಗೋ ಹೋಗೂದು, ಕಾರವಾರದವರು ಗೋವಾಕ್ಕೆ ಹೋಗೂದು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್, ಒಂದು ದಿನದ ರಜೆ ಅಲ್ಲೇ ಹೋಯ್ತು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಹೇಳಿ 2022ರಲ್ಲಿ ಎಷ್ಟು ಕೂಗಾಟ ಆಯ್ತು ನೆನಪಿರ್ಬೇಕು. ಎರಡು ಮೂರು ತಿಂಗಳಿಗೊಮ್ಮೆ ಲಿವರ್, ರಕ್ತಕಣ ನೋಡೂ ಟೆಸ್ಟ್ ಮಾತ್ರ ಶಿರಸಿಲೇ ಮಾಡ್ಸಿ ರಿಪೋರ್ಟ್ ಫೋನಲ್ಲಿ ಕಳಿಸ್ತೇವೆ. ಕಾರ್ಯ ತಪ್ಪೂದರಲ್ಲಿ ಈ ಓಡಾಟದ ಪಾಲೂ ಇದೆ, ತಿಂಗಳುಗಟ್ಲೆ ಕಾದು ಸಿಕ್ಕಿದ ಅಪಾಯಿಂಟ್‌ಮೆಂಟ್ ದಿನವೇ ಯಾರದ್ದಾದ್ರೂ ಮುಂಜಿ ಇರ್ತದೆ.

ವಿಡಿಯೋ ಕಾಲಲ್ಲಿ ನೋಡಿದ್ರೆ ಆಯ್ತಲ್ಲ ಈಗ?

ಅವತ್ತು ಹುಡುಗರು ಮಾಡಿದ್ರು. ನಾನು ಅಂಗಳದ ತುದೀಲಿ ಅಡಿಕೆ ಮರದ ಬುಡದಲ್ಲಿ ಫೋನ್ ಎತ್ತಿ ಹಿಡ್ಕೊಂಡು ನಿಂತಿದ್ದೆ. ಅಂತರಪಟ ಸರಿಯೂ ಹೊತ್ತಿಗೆ ಕ್ಯಾಮರಾ ಮುಂದೆ ಯಾರದ್ದೋ ಬೆನ್ನು ಬಂತು, ಆಮೇಲೆ ಚಿತ್ರ ನಿಂತೋಯ್ತು, ವಾಲಗ ಮಾತ್ರ ಕೇಳ್ತಾ ಇತ್ತು. ಸಾಕಾಗ್ತದಾ ಕೇಳಿದ್ರೆ ಸಾಕಾಗೂದಿಲ್ಲ. ಆದ್ರೆ ಬೇಡ ಹೇಳೂದೂ ಇಲ್ಲ. ಒಂದು ಉಪಾಯ ನಾವು ಕಲ್ತದ್ದು, ಮುಹೂರ್ತದ ಹೊತ್ತಿಗೆ ಕಾಲ್ ಬೇಡ, ಆ ಗಲಾಟೆಲಿ ಎಂತದೂ ಕಾಣೂದಿಲ್ಲ. ಹಿಂದಿನ ರಾತ್ರಿ ಮದರಂಗಿ ಹಾಕ್ಕೊಂಡು ಕೂತಾಗಲೋ, ಮಾರನೇ ದಿನ ಎಲ್ಲ ಸುಸ್ತಾಗಿ ಉಳಿದ ಹೋಳಿಗೆ ತಿಂತಾ ಇರುವಾಗಲೋ ಮಾಡಿ. ಆಗ ನಿಜವಾದ ಮಾತು ಸಿಗ್ತದೆ.

## ಕಷ್ಟದ ಪ್ರಶ್ನೆಗಳು

ಸತ್ಯ ಹೇಳಿ, ನಿಮಗೆ ಅವರ ಮೇಲೆ ಸಿಟ್ಟು ಬರೂದಿಲ್ವಾ?

ಬರ್ತದೆ. ಅವತ್ತು ಕಾರು ವಾಪಸ್ ತಂದು ನಿಲ್ಸಿ ಬಾಗಿಲು ಹಾಕಿದ ಶಬ್ದ ಸ್ವಲ್ಪ ಜಾಸ್ತಿಯೇ ಇತ್ತು, ಅವಳಿಗೆ ಒಳಗೆ ಕೇಳಿದೆ. ಆ ಹುಡುಗಿಯನ್ನ ಎತ್ತಿ ಆಡಿಸಿದ್ದು ನಾನು, ಅವಳ ಕಿವಿ ಚುಚ್ಚುವಾಗ ತೊಡೆ ಮೇಲೆ ಕೂರಿಸ್ಕೊಂಡದ್ದು ನಾನು. ಹತ್ತು ಗಂಟೆ ಹೊತ್ತಿಗೆ, ಈಗ ಮುಹೂರ್ತ ಆಗ್ತಾ ಇರ್ತದೆ ಹೇಳಿ ಗೊತ್ತಿದ್ದೂ ನಾನು ಅಡಿಗೆ ಮನೇಲಿ ಗಂಜಿ ತಿರುವ್ತಾ ಇದ್ದೆ, ಆಗ ಬಂದ ಸಿಟ್ಟು ಯಾರ ಮೇಲೆ ಹೇಳಿ ಕೇಳಿದ್ರೆ ನೇರ ಉತ್ತರ ಇಲ್ಲ, ಅರ್ಧ ಅವಳ ಮೇಲೇ. ಸುಳ್ಳು ಹೇಳಿ ಎಂತ ಮಾಡೂದು.

ಮೊದ್ಲೆಲ್ಲ ಈ ಸಿಟ್ಟು ಬಂದ್ರೆ ನಾನೇ ಕೆಟ್ಟವ ಅಂದ್ಕೊಂಡು ನುಂಗ್ತಿದ್ದೆ, ನುಂಗಿದ್ದು ಮೂರನೇ ದಿನ ಸಾರಿಗೆ ಉಪ್ಪು ಕಮ್ಮಿ ಹೇಳೂ ರೂಪದಲ್ಲಿ ಹೊರಗೆ ಬರ್ತಿತ್ತು. ಈಗ ಒಬ್ಬ ದೋಸ್ತ ಇದ್ದಾನೆ, ಅವನ ಹೆಂಡತಿಗೂ ಬೇರೆ ಒಂದು ಕಾಯಿಲೆ, ಅವನಿಗೆ ಫೋನ್ ಮಾಡಿ ಬೈದುಬಿಡ್ತೇನೆ. ಅವ "ಹ್ಞೂ" ಹೇಳ್ತಾನೆ, ಸಮಾಧಾನ ಮಾಡೂಕೆ ಹೋಗೂದಿಲ್ಲ. ಹೆಂಡತಿ ಹತ್ರವೂ ಒಂದಿಷ್ಟು ಹೇಳ್ತೇನೆ, "ಹೋಗ್ಬೇಕಾಗಿತ್ತು ಕಂಡ್ತು" ಹೇಳಿ. ಅವಳೂ "ನನಗೂ ಕಂಡ್ತು" ಹೇಳ್ತಾಳೆ. ಅವಳಿಗೂ ಮದುವೆ ತಪ್ಪಿದೆ, ಇದನ್ನ ಯಾರೂ ಲೆಕ್ಕಕ್ಕೇ ಹಿಡಿಯೂದಿಲ್ಲ.

"ನನ್ನಿಂದ ನಿಮ್ಮದೂ ತಪ್ತು" ಹೇಳಿ ಹೆಂಡತಿ ಅಳ್ತಾಳೆ. ಎಂತ ಹೇಳೂದು ಅವಳಿಗೆ?

ಕುಮಟಾ ಕಡೆಯಿಂದ ಒಬ್ರು ಕಾಗದ ಬರೆದು ಕೇಳಿದ್ದು. "ಇಲ್ಲ ಬಿಡು, ನನಗೆ ಹೋಗೂ ಮನಸೇ ಇರ್ಲಿಲ್ಲ" ಹೇಳ್ಬೇಡಿ, ಅದು ಸುಳ್ಳು ಹೇಳಿ ಅವರಿಗೆ ಗೊತ್ತು, ಗೊತ್ತಾದ್ಮೇಲೆ ಇನ್ನೂ ಭಾರ.

ನಾನು ಎಲ್ಲಿ ತಪ್ಪಿದೆ ಹೇಳಿದ್ರೆ, ಅವತ್ತು ಬೆಳಿಗ್ಗೆ ತಂಗಿಗೆ ಫೋನ್ ಮಾಡಿ "ಅವಳಿಗೆ ಹುಷಾರಿಲ್ಲೆ, ಬಪ್ಪಲೆ ಆಗ್ತಿಲ್ಲೆ" ಹೇಳ್ಬಿಟ್ಟೆ. ಅಷ್ಟೇ ಮಾತು. ಅದು ಮದುವೆಮನೆಲಿ ಬಾಯಿಂದ ಬಾಯಿಗೆ ಹೋಗಿ ಮೊದಲ ಹಂತಿ ಏಳೂವಷ್ಟರಲ್ಲಿ "ಅವಳು ಬಿಡ್ಲಿಲ್ಲೆ" ಹೇಳಿ ಆಗಿತ್ತು. ನಾನು ಆಡಿದ ವಾಕ್ಯದಲ್ಲಿ ನಾನೇ ಇರ್ಲಿಲ್ಲ ನೋಡಿ, ಅವಳೊಬ್ಳೇ ಇದ್ಲು. ತಿರುವಿನಲ್ಲಿ ಕಾರು ತಿರುಗಿಸಿದ್ದು ಯಾರು? ನಾನು. ಅವಳು ಹೋಗಿ ಅಂದಿದ್ಲು. ಮತ್ತೊಂದು ವಾರ ಬಿಟ್ಟು ತಂಗಿ ಮನೆಗೆ ಹೋಗಿ ಭಾವನ ಎದುರೇ ಹೇಳಿದೆ, "ಅವಳು ಹೋಗು ಹೇಳಿತ್ತು, ಆನೇ ಬಂಜಿಲ್ಲೆ" ಹೇಳಿ. ಈಗ ಯಾರು ಕೇಳಿದ್ರೂ ನಾನು ಬರ್ಲಿಲ್ಲ ಹೇಳೂದು. ನನ್ನ ಆಯ್ಕೆ, ಬೈಗುಳ ಇದ್ರೆ ನನ್ನ ಖಾತೆಗೆ. ಹೆಂಡತಿ ಮೊದ್ಲು ನಂಬ್ಲಿಲ್ಲ, ಬೇರೆಯವರೆದುರು ಎರಡು ಮೂರು ಸಲ ನಾನು ಹಾಗೇ ಹೇಳಿದ್ದು ಕೇಳಿದ್ಮೇಲೆ ಅಳೂದು ಕಮ್ಮಿ ಆಯ್ತು. ಅಳಿಸು ಹೇಳಿದ್ದು ಇದನ್ನೇ, ಇದನ್ನ ಅಳಿಸ್ಲಿಲ್ಲ.

ನನ್ನ ಗಂಡನಿಗೆ ಡಯಾಲಿಸಿಸ್ ನಡೀತಾ ಇದೆ. ತಮ್ಮನ ಮದುವೆ ಬೆಳಗಾವಿಲಿ, ನಾನು ಹೋಗ್ಲಾ ಬೇಡ್ವಾ?

ಕಾರವಾರದ ಅಕ್ಕ ಒಬ್ರು ಕೇಳಿದ್ದು. ನಿಮ್ಮ ಕತೆ ನಮ್ಮದಕ್ಕಿಂತ ಬೇರೆ, ನಮಗೆ ದಿನ ಗೊತ್ತಿರೂದಿಲ್ಲ, ನಿಮಗೆ ದಿನ ಗೊತ್ತಿದೆ, ಬಿಡೂಕೆ ಆಗೂದಿಲ್ಲ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಮದುವೆ ಹೇಳಿ ಒಂದು ಸರದಿ ತಪ್ಪಿಸೂ ಯೋಚನೆ ಮಾತ್ರ ಮಾಡ್ಬೇಡಿ. ಆದ್ರೆ ಸರದಿ ಬದಲಿಸ್ಬಹುದು, ಸೆಂಟರಲ್ಲಿ ಎರಡು ಮೂರು ವಾರ ಮೊದ್ಲೇ ಕೇಳಿದ್ರೆ ಬೇರೆ ಪೇಷಂಟ್ ಜೊತೆ ದಿನ ಅದಲು ಬದಲು ಮಾಡಿಕೊಡೂದುಂಟು. ಇಬ್ರೂ ಹೋಗೂದಾದ್ರೆ ಬೆಳಗಾವಿಲೇ ಒಂದು ಸಲ ಡಯಾಲಿಸಿಸ್ ಮಾಡ್ಸೂಕೂ ಆಗ್ತದೆ, ಅದಕ್ಕೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಟೆಸ್ಟ್ ರಿಪೋರ್ಟ್, ಈಗ ನಡೀತಾ ಇರೂ ಡಯಾಲಿಸಿಸ್ ವಿವರ ಕೇಳ್ತಾರೆ, ಮೊದ್ಲೇ ಮಾತಾಡಿ ಇಟ್ಕೊಳ್ಳಿ.

ಮದುವೆ ಊಟದಲ್ಲಿ ಜಾಗ್ರತೆ. ಅಲ್ಲಿ ಮೊದ್ಲು ಕೈಗೆ ಕೊಡೂದೇ ಎಳನೀರು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಹೋದವರಿಗೆ ಅದು ಏರಿದ್ರೆ ಹೃದಯದ ಬಡಿತಕ್ಕೇ ತೊಂದ್ರೆ. ಬಾಳೆಹಣ್ಣೂ ಹಾಗೇ. ಸಾರು, ಮಜ್ಜಿಗೆ, ಅಪ್ಪೆಹುಳಿ, ಪಾಯಸ ಎಲ್ಲ ನೀರಿನ ಲೆಕ್ಕಕ್ಕೇ ಬರ್ತದೆ. ಧಾರೆಹುಳಿ (ಸ್ಟಾರ್ ಫ್ರೂಟ್) ಹಣ್ಣಂತೂ ಮುಟ್ಟೂದೇ ಬೇಡ, ಕಿಡ್ನಿ ಕಾಯಿಲೆಯವರಿಗೆ ಅದು ವಿಷದ ಸಮ.

ಹೋಗ್ಲಾ ಬೇಡ್ವಾ ಕೇಳಿದ್ರಿ. ನನ್ನ ಅಭಿಪ್ರಾಯ, ಹೋಗಿ. ಡಯಾಲಿಸಿಸ್ ಇಲ್ಲದ ದಿನ ನೋಡಿ, ಗಂಡನ ಜೊತೆ ಇರೂಕೆ ಒಬ್ರನ್ನ ನೋಡಿ, ಒಂದು ರಾತ್ರಿಗೆ ಹೋಗಿ ಬನ್ನಿ. ನಾನು ಉಳಿದೆ ಹೇಳಿ ನೀವೂ ಉಳೀಬೇಕು ಹೇಳಿ ಇಲ್ಲ. ನನ್ನದು ಜ್ವರದ ರಾತ್ರಿ, ಖಾಲಿ ಕೇರಿ, ನಿಮ್ಮದು ತಿಂಗಳು ಮೊದ್ಲೇ ಗೊತ್ತಿರೂ ತಾರೀಖು. ಇನ್ನೊಂದು, ಇದನ್ನ ಕೇಳೂರಲ್ಲಿ ಹೆಂಗಸರೇ ಜಾಸ್ತಿ, ಗಂಡಸರು ಕೇಳೂದೇ ಇಲ್ಲ, ಹೋಗ್ಬಿಡ್ತಾರೆ. ನಾನು ಉಳಿದದ್ದಕ್ಕೆ ಅರ್ಧ ಊರು ಬೈದು ಅರ್ಧ ಊರು ದೇವರಂಥ ಗಂಡ ಹೇಳಿತು. ನೀವು ಉಳಿದ್ರೆ ಯಾರೂ ಎಂತದೂ ಹೇಳೂದಿಲ್ಲ, ಅದು ಮಾಮೂಲು ಹೇಳಿ ಬಿಡ್ತಾರೆ.

ತಂಗಿ ಈಗ ಮಾತಾಡ್ತಾಳಾ?

ಒಂದು ತಿಂಗಳು ಆಡ್ಲಿಲ್ಲ. ಕೇಳಿದ್ದಕ್ಕೆ ಹ್ಞಾಂ ಹೂಂ ಅಷ್ಟೇ. ಅವಳದ್ದೂ ತಪ್ಪಲ್ಲ, ಅಪ್ಪ ಇಲ್ಲ, ಅಣ್ಣನೂ ನಿಲ್ಲದ ಮಂಟಪ ಅದು. ನಾನು ಹೋಗಿ ಭಾವನ ಎದುರು ಹೇಳಿದ ದಿನವೂ ಚಾ ಕೊಟ್ಟು ಒಳಗೆ ಹೋದ್ಲು. ಕಾಯಿಲೆ ಬಗ್ಗೆ ಎಷ್ಟು ಬಿಡಿಸಿ ಹೇಳಿದ್ರೂ ಆ ಬೇಜಾರು ಹೋಗೂದಿಲ್ಲ, ಬಿಡಿಸಿ ಹೇಳೂದೂ ಒಂದು ಥರ ವಾದ ಮಾಡಿದ ಹಾಗೇ ಆಗ್ತದೆ. ನಾನು ಹೇಳೂದು ನಿಲ್ಸಿ ಆಗಾಗ ಹೋಗ್ತಾ ಇದ್ದೆ, ತೋಟದ ಕಾಳುಮೆಣಸೋ, ಒಂದು ಕೊನೆ ಬಾಳೆಕಾಯೋ ಇಟ್ಟು ಬರೂದು. ಚೌತಿ ಹತ್ರ ಅವಳೇ ಫೋನ್ ಮಾಡಿ "ಅತ್ತಿಗೆ ಕೈ ಹ್ಯಾಂಗಿದ್ದು" ಕೇಳಿದ್ಲು.

ತಪ್ಪಿದ ಮದುವೆಯನ್ನ ಮತ್ತೆ ತುಂಬ್ಸಿಕೊಳ್ಳೂಕೆ ಆಗ್ತದಾ?

ಮದುವೆ ಎರಡು ಸಲ ಆಗೂದಿಲ್ಲ. ಆ ಫೋಟೋದಲ್ಲಿ ಪಂಚೆ ಎಳ್ಕೊಂಡು ನಿಂತವ ಚಿಕ್ಕಪ್ಪನ ಮಗನೇ, ಇನ್ನು ಐವತ್ತು ವರ್ಷ ಆದ್ರೂ ಅವನೇ. ಬದ್ಲಿ ಕಾರ್ಯ ಹೇಳಿ ದೊಡ್ಡದಾಗಿ ಮಾಡೂಕೆ ಹೋಗ್ಬೇಡಿ, ಅದು ನಾಟಕದ ಹಾಗೆ ಆಗ್ತದೆ.

ಆದ್ರೆ ಬೇರೆ ಒಂದು ಆಯ್ತು. ಮದುವೆ ಆಗಿ ಮೂರು ವಾರಕ್ಕೆ ಹುಡುಗಿ ಗಂಡನ್ನ ಕರ್ಕೊಂಡು ಹೇಳದೆ ಕೇಳದೆ ನಮ್ಮ ಮನೆಗೆ ಬಂತು. ಇವಳು ಅವತ್ತು ಎಷ್ಟೋ ಆರಾಮಿದ್ಲು, ತೆಳ್ಳೇವು ಎರೀತೇನೆ ಹೇಳಿ ಹಠ ಮಾಡಿ ನಾಲ್ಕು ಎರೆದ್ಲು, ಐದನೇದಕ್ಕೆ ಕೈ ಸೋತು, ಹುಡುಗಿಯೇ ಸೌಟು ತಗೊಂಡಿತು, ಅಳಿಯ ಬೆಲ್ಲ ಕೆತ್ತಿದ. ಜಗುಲಿಂದ ಅಡಿಗೆ ಮನೆಗೆ ಹೋಗುವಾಗ ಹುಡುಗಿ ನನ್ನ ಕೈ ಹಿಡ್ಕೊಂಡು "ಮಾವ, ಕರ್ಕಂಡು ಹೋಗು" ಹೇಳಿತು. ಎಂಟು ಹೆಜ್ಜೆ ಇರ್ಬೇಕು. ಹೋದ್ವಿ.

ಹುಡುಗಿಗೆ ಈಗ ಐದು ತಿಂಗಳಂತಲ್ಲ. ಸೀಮಂತಕ್ಕಾದ್ರೂ ಬರ್ತೀರಾ?

ಬರೂ ಅಂದಾಜು ಇದೆ. ದಿನ ಗುರುವಾರ ಶುಕ್ರವಾರ ಬಿಟ್ಟು ಇಡಿ ಹೇಳಿ ತಂಗಿಗೆ ಹೇಳಿದ್ದೆ, ಅವಳು ಭಟ್ರ ಹತ್ರ ಕೇಳಿ ಭಾನುವಾರ ಮಾಡಿದ್ದಾಳೆ. ಶನಿವಾರ ಮಧ್ಯಾಹ್ನವೇ ಹೊರಡೂದು, ಕೆಳಗಿನ ಕೋಣೆ ನಮಗೆ ಹೇಳಿ ಇಟ್ಟಿದ್ದಾರಂತೆ, ಕಮೋಡೂ ಇದೆಯಂತೆ. ಸೀರೆ ಇಸ್ತ್ರಿ ಇನ್ನೂ ಮಾಡ್ಲಿಲ್ಲ. ಭಾನುವಾರ ಬೆಳಿಗ್ಗೆ ಖಾತ್ರಿ ಹೇಳ್ತೇನೆ.